ಕಣ್ಣ ಹಿಂದಣ ನೆತ್ತರು

ಕಣ್ಣಿನ ಶಸ್ತ್ರಚಿಕಿತ್ಸೆಯೆಂದೊಡನೆ ನಮ್ಮ ಸಂಸಾರಗಳಲ್ಲಿ ಮನಸ್ಸಿಗೆ ಬರುವ ಚಿತ್ರ ಒಂದೇ. ಪೊರೆ ಬಂದ ಅಜ್ಜನನ್ನೋ ಅಜ್ಜಿಯನ್ನೋ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು, ಇಲ್ಲವೆ ಕಪ್ಪು ಕನ್ನಡಕ ತೊಟ್ಟು ಅವರು ಮನೆಗೆ ಮರಳುತ್ತಾರೆ. ಕೆಲವೇ ದಿನಗಳಲ್ಲಿ ಮೊಮ್ಮಕ್ಕಳ ಮುಖವೂ ಪಂಚಾಂಗದ ಅಕ್ಷರವೂ ನಿಚ್ಚಳವಾಗಿ ಕಾಣತೊಡಗುತ್ತವೆ. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹೂಡಿ ಅಸಂಖ್ಯಾತ ಜನರ ಪೊರೆ ತೆಗೆದ ಕಾಲದಿಂದ ಈ ಚಿತ್ರ ನಾಡಿನ ಮನಸ್ಸಿನಲ್ಲಿ ಬೇರೂರಿದೆ. ಅದರ ಜೊತೆಗೆ ಇನ್ನೊಂದು ಮಾತೂ ಬೇರೂರಿದೆ: "ಇನ್ನೂ ಸ್ವಲ್ಪ ಬಲಿಯಲಿ, ಆಮೇಲೆ ನೋಡೋಣ."

ಪೊರೆಯ ಮಟ್ಟಿಗೆ ಈ ಮಾತಿನಿಂದ ಅಂಥ ದೊಡ್ಡ ಅನಾಹುತವೇನೂ ಆಗಲಿಲ್ಲವೆನ್ನಬಹುದು. ಪೊರೆಯೆಂದರೆ ಕಣ್ಣಿನ ಮುಂಬದಿಯ ಮಸೂರ ಮಬ್ಬಾಗುವುದು. ಕಿಟಕಿಯ ಗಾಜು ಮಸುಕಾದಂತೆ. ಈ ತಿಂಗಳು ಬದಲಿಸಿದರೂ ಬೆಳಕು ಬರುತ್ತದೆ, ಆರು ತಿಂಗಳು ಬಿಟ್ಟು ಬದಲಿಸಿದರೂ ಬಹುಮಟ್ಟಿಗೆ ಬರುತ್ತದೆ. ಆದರೆ ಕೋಣೆಯ ಹಿಂಗೋಡೆಯೇ ಕುಸಿಯುತ್ತಿರುವಾಗ "ಬಲಿಯಲಿ" ಎಂದು ಕಾದು ಕುಳಿತರೆ ಬಲಿಯುವುದು ಕುರುಡು. ಆ ಹಿಂಗೋಡೆಯ ಶಸ್ತ್ರಚಿಕಿತ್ಸೆ ಯಾರಿಗೆ ಎಷ್ಟು ಫಲಿಸುತ್ತದೆಂಬುದರಲ್ಲಿ ವೈದ್ಯನ ಕೈಚಳಕದ ಪಾಲಿದೆ, ನಿಜ. ಅದಕ್ಕಿಂತ ದೊಡ್ಡ ಪಾಲು ರೋಗಿಯ ನೆತ್ತರಿನದು, ಮತ್ತು ಅವನು ಆಸ್ಪತ್ರೆಯ ಬಾಗಿಲಿಗೆ ಬಂದ ದಿನದ್ದು.

ಇದನ್ನು ಮನಗಾಣಲು ಎರಡು ಕಾಯಿಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಒಂದು, ನಮ್ಮ ಬೀದಿಯಲ್ಲಿ ಮನೆಗೊಬ್ಬರಂತೆ ಕಾಣಸಿಗುವ ಮಧುಮೇಹ. ಇನ್ನೊಂದು, ಪಟ್ಟಣಿಗರಲ್ಲಿ ಹಲವರು ಹೆಸರನ್ನೂ ಕೇಳಿರದ ಸಿಕಲ್ ಸೆಲ್ ಕಾಯಿಲೆ, ಎಂದರೆ ಕುಡುಗೋಲು ಕಣದ ರಕ್ತಹೀನತೆ. ಇವೆರಡಕ್ಕೂ ಹುಟ್ಟು ಬೇರೆ, ನಡೆ ಬೇರೆ. ಕಣ್ಣಿನೊಳಗೆ ಮಾತ್ರ ಎರಡೂ ಒಂದೇ ಹಾದಿಯಲ್ಲಿ ಬಂದು ಸೇರುತ್ತವೆ. ಸೇರಿದ ಮೇಲೂ ಶಸ್ತ್ರವೈದ್ಯನನ್ನು ಬೇರೆ ಬೇರೆ ರೀತಿಯಲ್ಲಿ ಕಾಡುತ್ತವೆ.

ಹಸಿದ ಪಟಲ

ಕಣ್ಣಿನ ಒಳಮೈಗೆ ಅಂಟಿಕೊಂಡಿರುವ ಅಕ್ಷಿಪಟಲವನ್ನು ವೈದ್ಯರು ರೆಟಿನಾ ಎಂದು ಕರೆಯುತ್ತಾರೆ. ಅರ್ಧ ಮಿಲಿಮೀಟರಿಗಿಂತಲೂ ತೆಳುವಾದ ಈ ಪಟಲ ದೇಹದಲ್ಲಿ ಪ್ರಾಣವಾಯುವನ್ನು ಅತಿ ಹೆಚ್ಚಾಗಿ ಬಳಸುವ ಭಾಗಗಳಲ್ಲಿ ಒಂದು. ಅದಕ್ಕೆ ಆಹಾರ ಒಯ್ಯುವ ಸೂಕ್ಷ್ಮ ರಕ್ತನಾಳಗಳು ಎಷ್ಟು ಕಿರಿದೆಂದರೆ, ಕೆಂಪು ಕಣಗಳು ಅವುಗಳಲ್ಲಿ ಒಂದರ ಹಿಂದೊಂದು ಸಾಲುಗಟ್ಟಿ, ಮೈ ಮಡಿಸಿಕೊಂಡು ಸಾಗಬೇಕು.

ಮಧುಮೇಹದಲ್ಲಿ ವರ್ಷಾನುಗಟ್ಟಲೆ ರಕ್ತದಲ್ಲಿ ಸಕ್ಕರೆ ಮಿಗಿಲಾಗಿ ಈ ನಾಳಗಳ ಗೋಡೆಯೇ ಸಡಿಲಗೊಳ್ಳುತ್ತದೆ. ಕೆಲವು ಕಡೆ ಗೋಡೆ ಗುಳ್ಳೆಯಂತೆ ಉಬ್ಬುತ್ತದೆ, ಕೆಲವು ಕಡೆ ಸೋರುತ್ತದೆ, ಮತ್ತೆ ಕೆಲವು ನಾಳಗಳು ಪೂರ್ತಿ ಮುಚ್ಚಿಹೋಗುತ್ತವೆ. ಮುಚ್ಚಿದ ನಾಳದ ಆಚೆಗಿನ ಪಟಲ ಹಸಿಯುತ್ತದೆ. ಹಸಿದ ಅಂಗಾಂಶ ಸುಮ್ಮನಿರುವುದಿಲ್ಲ. ಹೊಸ ರಕ್ತನಾಳಗಳನ್ನು ಬೆಳೆಸೆಂದು ಒಂದು ರಾಸಾಯನಿಕ ಸಂದೇಶವನ್ನು ಹೊರಡಿಸುತ್ತದೆ. ಇಂಥ ವಸ್ತುವೊಂದು ಇರಲೇಬೇಕೆಂದು ಐಸಾಕ್ ಮೈಕೇಲ್‌ಸನ್ ಎಂಬ ನೇತ್ರತಜ್ಞ ೧೯೪೮ರಲ್ಲಿಯೇ ಊಹಿಸಿದ್ದ. ಅದರ ಹೆಸರು ಈಗ ವಿ.ಇ.ಜಿ.ಎಫ್.; ಮಧುಮೇಹಿಗಳ ಕಣ್ಣಿನ ದ್ರವದಲ್ಲಿ ಅದು ಹೇರಳವಾಗಿರುತ್ತದೆಂದು ೧೯೯೪ರಲ್ಲಿ ತೋರಿಸಲಾಯಿತು.

ಕೇಳಿದ್ದು ಅನ್ನ, ಬಂದದ್ದು ವಿಪತ್ತು ಎನ್ನಬೇಕು. ಹೊಸದಾಗಿ ಹುಟ್ಟಿದ ನಾಳಗಳು ಹಸಿದ ಪಟಲದೊಳಕ್ಕೆ ಇಳಿಯುವುದಿಲ್ಲ. ಕಣ್ಣಿನ ಗುಡ್ಡೆಯನ್ನು ತುಂಬಿಕೊಂಡಿರುವ ಗಾಜಿನಂಥ ಲೋಳೆಯ ಕಡೆಗೆ ಬಳ್ಳಿಯಂತೆ ಹಬ್ಬುತ್ತವೆ. ಅವುಗಳ ಗೋಡೆ ಬಲು ದುರ್ಬಲ. ಒಂದು ದಿನ ಒಡೆದು ಲೋಳೆಯೊಳಗೆ ರಕ್ತ ಸುರಿಯುತ್ತದೆ. ರೋಗಿ ಕಾಣುವುದು ಜೇಡರ ಬಲೆಯಂಥ ಕಪ್ಪು ಎಳೆಗಳನ್ನು, ಮಸಿ ಚೆಲ್ಲಿದಂಥ ನೆರಳನ್ನು. ನೋವಂತೂ ಇಲ್ಲವೇ ಇಲ್ಲ. ಮುಂದೆ ಆ ಬಳ್ಳಿಗಳ ಸುತ್ತ ನಾರುಪೊರೆ ಬೆಳೆದು, ಒಣಗುವ ಗಾಯದಂತೆ ಕುಗ್ಗಿ, ಅಕ್ಷಿಪಟಲವನ್ನು ಗೋಡೆಯಿಂದ ಎಳೆದು ಕಳಚುತ್ತದೆ.

ನಮ್ಮ ಹಿರಿಯರು ಮಧುಮೇಹವನ್ನು ಸಿಹಿಮೂತ್ರರೋಗವೆಂದು ಕರೆದರು. ಹೆಸರು ಮೂತ್ರದ ಮೇಲೆ ನಿಂತದ್ದರಿಂದಲೋ ಏನೋ, ಕಣ್ಣಿಗೂ ಅದಕ್ಕೂ ನಂಟುಂಟೆಂಬುದು ಇಂದಿಗೂ ಅನೇಕ ಮನೆಗಳಲ್ಲಿ ತೋಚುವುದಿಲ್ಲ. ಇನ್ಸುಲಿನ್ ದೊರೆಯುವ ಮುನ್ನ ವೈದ್ಯರಿಗೂ ಇದು ಅಷ್ಟಾಗಿ ತೋಚುತ್ತಿರಲಿಲ್ಲ, ಏಕೆಂದರೆ ಎಳೆಯ ಮಧುಮೇಹಿಗಳು ಕಣ್ಣು ಕೆಡುವಷ್ಟು ಕಾಲ ಬದುಕುತ್ತಲೇ ಇರಲಿಲ್ಲ. ೧೯೨೧ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಕಂಡುಹಿಡಿದ ಮೇಲೆ ಅವರ ಆಯುಸ್ಸು ಬೆಳೆಯಿತು. ಉಳಿದ ಜೀವಗಳ ಕಣ್ಣು ಮೂವತ್ತು ವರ್ಷಗಳ ಬಳಿಕ ಆರತೊಡಗಿತು.

ಗ್ರಹಣ ಕಲಿಸಿದ ಪಾಠ

೧೯೫೦ರ ದಶಕದಲ್ಲಿ ಈ ಕುರುಡಿಗೆ ವೈದ್ಯರ ಬಳಿ ಇದ್ದ ಉಪಾಯವನ್ನು ಇಂದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಹೆರಿಗೆಯ ಬಳಿಕ ಪಿಟ್ಯುಟರಿ ಗ್ರಂಥಿ ನಾಶವಾದ ಮಧುಮೇಹಿ ಸ್ತ್ರೀಯೊಬ್ಬಳ ಕಣ್ಣು ತಾನಾಗಿ ಸುಧಾರಿಸಿತೆಂದು ಪೌಲ್ಸನ್ ಎಂಬ ಡೆನ್ಮಾರ್ಕಿನ ವೈದ್ಯ ೧೯೫೩ರಲ್ಲಿ ಬರೆದ. ಅಲ್ಲಿಂದ ಮುಂದೆ ಕಣ್ಣುಳಿಸುವ ಸಲುವಾಗಿ ಮಿದುಳಿನ ಬುಡದಲ್ಲಿರುವ ಆ ಗ್ರಂಥಿಯನ್ನೇ ತೆಗೆಯುವ, ಸುಡುವ ಶಸ್ತ್ರಚಿಕಿತ್ಸೆಗಳು ಹಲವು ದೇಶಗಳಲ್ಲಿ ನಡೆದವು. ಕೆಲವು ಕಣ್ಣುಗಳೇನೋ ಉಳಿದವು. ಆದರೆ ಗ್ರಂಥಿಯಿಲ್ಲದ ದೇಹ ಜೀವನಪರ್ಯಂತ ಔಷಧಿಗಳ ಊರುಗೋಲಿನ ಮೇಲೆಯೇ ನಿಲ್ಲಬೇಕಾಯಿತು.

ಒಳ್ಳೆಯ ದಾರಿ ತೆರೆದದ್ದು ಆಕಾಶದ ಕಡೆಯಿಂದ. ಗ್ರಹಣದ ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದೆಂದು ನಮ್ಮ ಅಜ್ಜಿಯಂದಿರು ಬಾಗಿಲು ಹಾಕಿಕೊಂಡು ಕೂರಿಸುತ್ತಿದ್ದರಷ್ಟೆ. ೧೯೪೫ರ ಜುಲೈ ೧೦ರ ಸೂರ್ಯಗ್ರಹಣವನ್ನು ಹಾಗೆ ನೋಡಿದ ವೈದ್ಯವಿದ್ಯಾರ್ಥಿಯೊಬ್ಬ ಜರ್ಮನಿಯ ಗೆರ್ಡ್ ಮೇಯರ್-ಶ್ವಿಕೆರಾತ್ ಎಂಬ ತರುಣ ವೈದ್ಯನ ಬಳಿಗೆ ಬಂದ. ಅವನ ಅಕ್ಷಿಪಟಲದ ನಡುವೆ ಸುಟ್ಟ ಗಾಯದ ಕಲೆ ಕಂಡಿತು. ಬೆಳಕು ಸುಡಬಲ್ಲುದಾದರೆ, ಬೇಕಾದ ಕಡೆ ಬೇಕಾದಷ್ಟೇ ಸುಡುವಂತೆ ಮಾಡಬಾರದೇಕೆ ಎಂದು ವೈದ್ಯ ಯೋಚಿಸಿದ. ಮೊದಲು ಕನ್ನಡಿಗಳಿಂದ ಬಿಸಿಲನ್ನೇ ಕಣ್ಣೊಳಗೆ ಹಾಯಿಸಿದ. ಬಳಿಕ ಝೈಸ್ ಕಂಪನಿಯವರೊಡಗೂಡಿ ಕ್ಸೆನಾನ್ ದೀಪದ ಯಂತ್ರವನ್ನು ಸಿದ್ಧಪಡಿಸಿದ. ೧೯೬೦ರಲ್ಲಿ ಲೇಸರ್ ಕಿರಣ ಹುಟ್ಟಿತು. ೧೯೬೮ರ ಹೊತ್ತಿಗೆ ಆರ್ಗಾನ್ ಲೇಸರ್ ಕಣ್ಣಿನ ಚಿಕಿತ್ಸೆಗೆ ಬಂದಿತು.

ಲೇಸರ್ ಮಾಡುವ ಕೆಲಸದ ತರ್ಕ ವಿಚಿತ್ರವಾಗಿದೆ. ಅದು ಸೋರುವ ನಾಳವನ್ನು ಹೊಲಿಯುವುದಿಲ್ಲ. ಅಕ್ಷಿಪಟಲದ ಅಂಚಿನ ಹಸಿದ ಭಾಗಗಳಲ್ಲಿ ಸಾವಿರಕ್ಕೂ ಮೀರಿ ಚುಕ್ಕೆ ಸುಡುತ್ತದೆ. ಉಣ್ಣುವ ಬಾಯಿಗಳು ಕಡಿಮೆಯಾಗಿ ಹಸಿವಿನ ಕೂಗು ಅಡಗುತ್ತದೆ, ಹೊಸ ಬಳ್ಳಿಗಳು ಬಾಡುತ್ತವೆ. ನಡುವಿನ ನೋಟವನ್ನು ಉಳಿಸಿಕೊಳ್ಳಲು ಅಂಚಿನ ನೋಟದಲ್ಲಿ ಒಂದಿಷ್ಟನ್ನು ತೆತ್ತಂತೆ. ಇದು ನಿಜವಾಗಿ ಫಲಿಸುವುದೇ ಎಂಬುದನ್ನು ಅರಿಯಲು ಅಮೆರಿಕದಲ್ಲಿ ೧೭೦೦ಕ್ಕೂ ಹೆಚ್ಚು ರೋಗಿಗಳ ಒಂದೊಂದು ಕಣ್ಣಿಗೆ ಮಾತ್ರ ಚಿಕಿತ್ಸೆ ಮಾಡಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಹೋಲಿಸಿದರು. ೧೯೭೬ರಲ್ಲಿ ಬಂದ ಫಲ ಸಂದೇಹಕ್ಕೆ ಎಡೆಗೊಡಲಿಲ್ಲ: ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶ ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಬಿಟ್ಟ ಕಣ್ಣುಗಳಿಗೂ ಚಿಕಿತ್ಸೆ ಕೊಡಲು ಕೂಡಲೇ ತೀರ್ಮಾನವಾಯಿತು.

ಮೊಟ್ಟೆಯ ಲೋಳೆಯಿಂದ ಕಣ್ಣಿನ ಲೋಳೆಗೆ

ಆದರೆ ಕಣ್ಣೊಳಗೆ ಆಗಲೇ ರಕ್ತ ತುಂಬಿಹೋದವರ ಗತಿ? ರಕ್ತದ ಮಡುವಿನ ಆಚೆಗೆ ಲೇಸರ್ ಕಿರಣವೂ ಹಾಯದು, ವೈದ್ಯನ ದೃಷ್ಟಿಯೂ ಹಾಯದು. ಲೋಳೆಯನ್ನು ಮುಟ್ಟಿದರೆ ಕಣ್ಣೇ ಹೋಯಿತೆಂಬುದು ಅಂದಿನ ಶಸ್ತ್ರವೈದ್ಯರ ದೃಢ ನಂಬಿಕೆ. ಜರ್ಮನಿಯಿಂದ ಮಯಾಮಿ ನಗರಕ್ಕೆ ಬಂದು ನೆಲೆಸಿದ್ದ ರಾಬರ್ಟ್ ಮಾಕೆಮರ್ ಈ ನಂಬಿಕೆಯನ್ನು ಮುರಿದ. ತನ್ನ ಮನೆಯ ಕಾರ್ ಷೆಡ್ಡಿನಲ್ಲಿ ಮೊಟ್ಟೆಯ ಬಿಳಿಲೋಳೆಯನ್ನು ಕತ್ತರಿಸಿ ಹೀರುವ ಪ್ರಯೋಗಗಳಿಂದ ತೊಡಗಿ, ಕತ್ತರಿಸುವ, ಹೀರುವ, ಹೀರಿದಷ್ಟೇ ದ್ರವವನ್ನು ಮರಳಿ ತುಂಬುವ ಮೂರು ಕೆಲಸಗಳನ್ನೂ ಒಂದೇ ಕೊಳವೆಯಿಂದ ಮಾಡಬಲ್ಲ ಉಪಕರಣವನ್ನು ಕಟ್ಟಿದ. ೧೯೭೦ರ ಏಪ್ರಿಲ್ ೨೦ರಂದು ಅದನ್ನು ಮೊದಲ ಬಾರಿ ಮನುಷ್ಯನ ಕಣ್ಣಿನಲ್ಲಿ ಬಳಸಿದ. ಆ ಮೊದಲ ರೋಗಿಯೂ ಮಧುಮೇಹಿಯೇ. ಕಣ್ಣಿನಲ್ಲಿ ತುಂಬಿದ ರಕ್ತ ವರ್ಷಗಳಿಂದ ಕರಗದೆ ನಿಂತಿತ್ತು. ನೋಟ ಮರಳಿತು. ವಿಟ್ರೆಕ್ಟಮಿ ಎಂಬ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಹೀಗೆ. ಇಂದಿನ ಉಪಕರಣಗಳ ಮೊನೆ ಸುಮಾರು ಅರ್ಧ ಮಿಲಿಮೀಟರ್ ಅಗಲದ್ದು; ನಿಮಿಷಕ್ಕೆ ಸಾವಿರಾರು ಬಾರಿ ಕತ್ತರಿಸುತ್ತದೆ; ಎಷ್ಟೋ ಸಲ ಹೊಲಿಗೆಯೂ ಬೇಡ.

ಇಷ್ಟು ಓದಿದ ಮೇಲೆ, ರಕ್ತ ಬಂದಾಗ ತೆಗೆಸಿದರಾಯಿತಲ್ಲ ಎನ್ನುವವರುಂಟು. ಅವರು ೧೯೮೫ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂಕಿಗಳನ್ನು ನೋಡಬೇಕು. ತೀವ್ರ ರಕ್ತಸ್ರಾವವಾದ ೬೧೬ ಕಣ್ಣುಗಳಲ್ಲಿ ಕೆಲವಕ್ಕೆ ಬೇಗನೆ, ಕೆಲವಕ್ಕೆ ಒಂದು ವರ್ಷ ಕಾದು ಶಸ್ತ್ರಚಿಕಿತ್ಸೆ ಮಾಡುವ ಏರ್ಪಾಡು. ಎರಡು ವರ್ಷಗಳ ಬಳಿಕ ನಮ್ಮ ಲೆಕ್ಕದ ೬/೧೨ರಷ್ಟು ಒಳ್ಳೆಯ ನೋಟ ಉಳಿದದ್ದು ಬೇಗ ಮಾಡಿದ ಕಣ್ಣುಗಳಲ್ಲಿ ಶೇಕಡ ೨೫ಕ್ಕೆ, ಕಾದ ಕಣ್ಣುಗಳಲ್ಲಿ ಶೇಕಡ ೧೫ಕ್ಕೆ. ಎಳೆಯ ವಯಸ್ಸಿನಲ್ಲೇ ಇನ್ಸುಲಿನ್ನಿಗೆ ಬಿದ್ದ ಮಧುಮೇಹಿಗಳಲ್ಲಿ ಅಂತರ ಇನ್ನೂ ಹೆಚ್ಚು: ೩೬ಕ್ಕೆ ೧೨. ಕಾಯುವುದರಿಂದ ಆಗುವ ನಷ್ಟ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಕಾಣುತ್ತದೆ. ಬೇಗ ಮಾಡಿದವರಲ್ಲೂ ನಾಲ್ಕರಲ್ಲಿ ಮೂರು ಕಣ್ಣುಗಳಿಗೆ ಆ ಮಟ್ಟದ ನೋಟ ದೊರೆಯಲಿಲ್ಲ. ಅಂದಿನಿಂದ ಇಂದಿಗೆ ಉಪಕರಣಗಳೂ ಫಲವೂ ಬಹಳ ಸುಧಾರಿಸಿವೆ, ದಿಟ. ಆದರೂ ರಕ್ತಸ್ರಾವವಾಗುವವರೆಗೆ ಬಿಟ್ಟ ಕಣ್ಣು, ಅದಕ್ಕೆ ಮೊದಲೇ ಲೇಸರ್ ಕಂಡ ಕಣ್ಣಿಗೆ ಸಾಟಿಯಾಗುವುದು ಕಷ್ಟ.

ಕಾರಣವೇನೆಂದರೆ, ಮಧುಮೇಹದ ನಾರುಪೊರೆ ಬೆಳೆಯುವುದು ಬಹುಮಟ್ಟಿಗೆ ಅಕ್ಷಿಪಟಲದ ನಡುಭಾಗದ ಸುತ್ತ, ಓದುವುದಕ್ಕೂ ಮುಖ ಗುರುತಿಸುವುದಕ್ಕೂ ಬೇಕಾದ ಸೂಕ್ಷ್ಮದೃಷ್ಟಿಯ ತಾಣದ ನೆರೆಯಲ್ಲಿ. ಶಸ್ತ್ರವೈದ್ಯ ಪೊರೆಯನ್ನು ಬಿಡಿಸಿ ಪಟಲವನ್ನು ಮತ್ತೆ ಗೋಡೆಗೆ ಅಂಟಿಸಬಲ್ಲ. ಅಲ್ಲಿ ಆಗಲೇ ಸತ್ತಿರುವ ನರಕಣಗಳಿಗೆ ಜೀವ ತುಂಬಲಾರ. ಪಟಲ ಅಂಟಿತು, ನೋಟ ಬರಲಿಲ್ಲ ಎಂಬ ಮಾತು ಆಸ್ಪತ್ರೆಗಳಲ್ಲಿ ಸಾಮಾನ್ಯ. ರೋಗಿಯ ಮನೆಯವರಿಗೆ ಅದು ಒಗಟಿನಂತೆ ಕೇಳಿಸುತ್ತದೆ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಬರೆದುಕೊಡುವ ಮುನ್ನ ಮನೆಯವರು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುವುದು ಲೇಸು: ಪಟಲ ಅಂಟುವ ಸಂಭವವೆಷ್ಟು? ಅಂಟಿದರೆ ಕಾಣುವ ಸಂಭವವೆಷ್ಟು?

೨೦೦೫ರ ಬಳಿಕ ಆ ಹಸಿವಿನ ಸಂದೇಶವನ್ನೇ ತಡೆಯುವ ಚುಚ್ಚುಮದ್ದುಗಳು ಬಂದಿವೆ. ನಡುಪಟಲದ ಊತಕ್ಕೆ ಅವು ವರವಾಗಿವೆ. ರಕ್ತ ತುಂಬಿದ ಕಣ್ಣಿಗೆ ಚುಚ್ಚುಮದ್ದು ಮೇಲೋ ವಿಟ್ರೆಕ್ಟಮಿ ಮೇಲೋ ಎಂದು ೨೦೨೦ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಆರು ತಿಂಗಳ ಸರಾಸರಿ ನೋಟದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಶಸ್ತ್ರಚಿಕಿತ್ಸೆಯವರಿಗೆ ನೋಟ ಬೇಗ ತಿಳಿಯಾಯಿತು. ಆದರೆ ನಾರುಪೊರೆ ಬೆಳೆದ ಕಣ್ಣಿಗೆ ಚುಚ್ಚಿದರೆ ಪೊರೆ ಕೆಲವೇ ದಿನಗಳಲ್ಲಿ ಬಿಗಿದು ಪಟಲವನ್ನು ಇನ್ನಷ್ಟು ಎಳೆಯುವ ಭಯವುಂಟು. ಚುಚ್ಚಿಸಿಕೊಂಡು ಊರಿಗೆ ಹೋಗಿ, ತಿಂಗಳುಗಟ್ಟಲೆ ಮುಖ ತೋರಿಸದವರ ಕಣ್ಣು ಹೀಗೆ ಕೆಡುವ ಅಪಾಯವಿದೆ.

ಕಡಲ ಬೀಸಣಿಗೆ

ಇನ್ನು ಎರಡನೆಯ ಕಾಯಿಲೆ. ೧೯೧೦ರಲ್ಲಿ ಷಿಕಾಗೋ ನಗರದ ಜೇಮ್ಸ್ ಹೆರಿಕ್ ಎಂಬ ವೈದ್ಯ, ಗ್ರೆನೇಡಾ ದ್ವೀಪದಿಂದ ದಂತವೈದ್ಯ ಕಲಿಯಲು ಬಂದಿದ್ದ ತರುಣನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳನ್ನು ಕಂಡುದಾಗಿ ಬರೆದ. ದೋಷವಿರುವುದು ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ನಿನಲ್ಲಿಯೇ ಎಂದು ೧೯೪೯ರಲ್ಲಿ ಲೈನಸ್ ಪೌಲಿಂಗ್ ತೋರಿಸಿಕೊಟ್ಟ. ಅದರ ಒಂದು ಸರಪಣಿಯಲ್ಲಿ ೧೪೬ ಕೊಂಡಿಗಳಿವೆ. ಆರನೆಯ ಕೊಂಡಿ ಮಾತ್ರ ಬದಲಾಗಿದೆ. ಪದ್ಯದ ಆರನೆಯ ಅಕ್ಷರ ತಪ್ಪಾಗಿ ಬಿದ್ದರೆ ಛಂದಸ್ಸು ಮುಗ್ಗರಿಸುತ್ತದೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಇಲ್ಲಿ ಮುಗ್ಗರಿಸುವುದು ಜೀವ. ಪ್ರಾಣವಾಯುವನ್ನು ಬಿಟ್ಟುಕೊಟ್ಟೊಡನೆ ಈ ಹಿಮೋಗ್ಲೋಬಿನ್ ಕಂಬಿಗಳಂತೆ ಜೋಡಿಕೊಂಡು ಕಣವನ್ನು ಗಡುಸಾಗಿಸಿ ಬಾಗಿಸುತ್ತದೆ. ಬಾಗಿದ ಕಣ ಕಿರುನಾಳದಲ್ಲಿ ಸಿಕ್ಕಿಕೊಳ್ಳುತ್ತದೆ.

ಕಣ್ಣಿನಲ್ಲಿ ಇದು ಮೊದಲು ನಡೆಯುವುದು ಅಕ್ಷಿಪಟಲದ ದೂರದ ಅಂಚಿನಲ್ಲಿ. ಅಲ್ಲಿಯೂ ಅದೇ ಹಸಿವು, ಅದೇ ಕೂಗು, ಅದೇ ಹೊಸ ಬಳ್ಳಿಗಳು. ಆ ಬಳ್ಳಿಗಳು ಕಡಲಡಿಯ ಒಂದು ಹವಳಜೀವಿಯಂತೆ ಬೀಸಣಿಗೆಯ ಆಕಾರದಲ್ಲಿ ಹರಡುವುದರಿಂದ ವೈದ್ಯರು ಅವನ್ನು ಕಡಲ ಬೀಸಣಿಗೆಯೆಂದೇ ಕರೆಯುತ್ತಾರೆ. ಹೆಸರು ಸೊಗಸಾಗಿದೆ, ಒಡೆದರೆ ಸುರಿಯುವುದು ಮಾತ್ರ ರಕ್ತವೇ. ಮಾರ್ಟನ್ ಗೋಲ್ಡ್‌ಬರ್ಗ್ ಎಂಬ ತಜ್ಞ ೧೯೭೧ರಲ್ಲಿ ಈ ವಿಕಾರವನ್ನು ಐದು ಹಂತಗಳಾಗಿ ವಿಂಗಡಿಸಿದ. ವೈದ್ಯರು ಇಂದಿಗೂ ಆ ಲೆಕ್ಕದಲ್ಲೇ ಮಾತನಾಡುತ್ತಾರೆ.

ಈ ರೋಗದಲ್ಲೊಂದು ವಿಪರ್ಯಾಸವಿದೆ. ತಂದೆ ತಾಯಿ ಇಬ್ಬರಿಂದಲೂ ಕುಡುಗೋಲು ದೋಷವನ್ನೇ ಪಡೆದವನ ದೇಹ ಹೆಚ್ಚು ನರಳುತ್ತದೆ. ಒಬ್ಬರಿಂದ ಅದನ್ನೂ ಇನ್ನೊಬ್ಬರಿಂದ "ಸಿ" ಎಂಬ ಬೇರೊಂದು ದೋಷವನ್ನೂ ಪಡೆದವನ ದೇಹ ಅಷ್ಟಾಗಿ ನರಳುವುದಿಲ್ಲ, ಕಣ್ಣು ಮಾತ್ರ ಹೆಚ್ಚಾಗಿ ಕೆಡುತ್ತದೆ. ಜಮೈಕಾ ದ್ವೀಪದಲ್ಲಿ ಹುಟ್ಟಿನಿಂದ ಹಿಂಬಾಲಿಸಿ ನೋಡಿದ ತರುಣರಲ್ಲಿ, ೨೪ರಿಂದ ೨೬ನೆಯ ವಯಸ್ಸಿನ ಹೊತ್ತಿಗೆ, ಮೊದಲ ಬಗೆಯವರಲ್ಲಿ ಶೇಕಡ ೧೪ ಮಂದಿಗೂ ಎರಡನೆಯ ಬಗೆಯವರಲ್ಲಿ ಶೇಕಡ ೪೩ ಮಂದಿಗೂ ಕಣ್ಣಿನಲ್ಲಿ ಹೊಸ ಬಳ್ಳಿಗಳು ಹಬ್ಬಿದ್ದವು. ಮೊದಲನೆಯವರ ರಕ್ತ ತೀರ ತೆಳುವಾಗಿರುವುದರಿಂದ ನಾಳಗಳಲ್ಲಿ ಹೇಗೋ ನುಸುಳಿಕೊಂಡು ಹೋಗುತ್ತದೆ, ಎರಡನೆಯವರ ರಕ್ತ ಮಂದವಾಗಿದ್ದು ಕಟ್ಟಿಕೊಳ್ಳುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಇನ್ನೊಂದು ವಿಚಿತ್ರ. ಮಧುಮೇಹದ ಬಳ್ಳಿ ಚಿಕಿತ್ಸೆಯಿಲ್ಲದೆ ಬಾಡುವುದು ಅಪರೂಪ. ಕಡಲ ಬೀಸಣಿಗೆಗಳಲ್ಲಾದರೋ ಎಷ್ಟೋ, ತಮ್ಮ ಕಾಂಡದಲ್ಲಿಯೇ ಕುಡುಗೋಲು ಕಣ ಸಿಕ್ಕಿಕೊಂಡು ತಾವಾಗಿ ಒಣಗುತ್ತವೆ. ರೋಗವೇ ರೋಗಕ್ಕೆ ಮದ್ದಾದ ಬಗೆ ಇದು. ಹಾಗಾದರೆ ಸುಮ್ಮನಿದ್ದು ನೋಡಬಹುದೇ? ಯಾವುದು ಒಣಗುವುದು, ಯಾವುದು ಒಡೆಯುವುದು ಎಂದು ಮುಂದಾಗಿ ಹೇಳುವವರಾರು! ೧೯೯೧ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಲೇಸರ್ ಕಂಡ ೯೯ ಕಣ್ಣುಗಳಲ್ಲಿ ಮೂರು, ಕಾಣದ ೭೫ ಕಣ್ಣುಗಳಲ್ಲಿ ಒಂಬತ್ತು, ದೀರ್ಘಕಾಲ ನೋಟ ಕಳೆದುಕೊಂಡವು. ವೈದ್ಯರು ಇಂದಿಗೂ ಕೆಲವು ಕಣ್ಣುಗಳನ್ನು ಸುಡುತ್ತಾರೆ, ಕೆಲವನ್ನು ಕಾದು ನೋಡುತ್ತಾರೆ. ಆದರೆ ಇಲ್ಲಿನ ಕಾಯುವಿಕೆ ಗೊತ್ತಾದ ದಿನಕ್ಕೆ ತಪ್ಪದೆ ಹೋಗಿ ತೋರಿಸುವ ಕಾಯುವಿಕೆ; ನಮ್ಮ ಮನೆಗಳ "ಬಲಿಯಲಿ" ಎಂಬುದಕ್ಕೂ ಅದಕ್ಕೂ ಹೋಲಿಕೆಯಿಲ್ಲ.

ಶಸ್ತ್ರದ ಮೇಜಿನ ಮೇಲೆ

ಶಸ್ತ್ರಚಿಕಿತ್ಸೆಯೇ ಬೇಕಾಗಿ ಬಂದಾಗ ಎರಡು ಕಾಯಿಲೆಗಳ ದಾರಿ ಕವಲೊಡೆಯುತ್ತದೆ. ಕುಡುಗೋಲು ಕಣದವರಲ್ಲಿ ಕೇಡು ಅಂಚಿನಲ್ಲಿರುವುದರಿಂದ ನಡುಪಟಲ ಎಷ್ಟೋ ಸಲ ಉಳಿದಿರುತ್ತದೆ. ಬರಿಯ ರಕ್ತವನ್ನು ತೆಗೆಯುವುದಷ್ಟೇ ಕೆಲಸವಾದರೆ ನೋಟ ಚೆನ್ನಾಗಿಯೇ ಮರಳುವ ಆಸೆಯಿಟ್ಟುಕೊಳ್ಳಬಹುದು. ಆದರೆ ಪಟಲ ಕಳಚಿದ್ದರೆ ಅದು ಬೇರೆ ಕಥೆ. ಅಂಚಿನಲ್ಲಿ ರಕ್ತವಿಲ್ಲದೆ ಬಡವಾದ ಪಟಲ ಚಿಟ್ಟೆಯ ರೆಕ್ಕೆಯಂತೆ ತೆಳುವಾಗಿರುತ್ತದೆ. ಬೀಸಣಿಗೆಯ ಪೊರೆಯನ್ನು ಬಿಡಿಸಹೋದರೆ ಪಟಲವೇ ಹರಿಯುತ್ತದೆ. ಅನೇಕ ಶಸ್ತ್ರವೈದ್ಯರು ಆ ಪೊರೆಯನ್ನು ಪೂರ್ತಿ ಕೀಳದೆ, ಸುತ್ತಲೂ ಕತ್ತರಿಸಿ ಎಳೆತವನ್ನು ಮಾತ್ರ ಸಡಿಲಿಸಿ ಬಿಡುತ್ತಾರೆ. ಎರಡನೆಯ ಸಲ ಶಸ್ತ್ರ ಹಿಡಿಯಬೇಕಾಗಿ ಬರುವುದೂ ಉಂಟು.

ಇವೆಲ್ಲ ಕಣ್ಣಿನ ಮಾತಾಯಿತು. ಈ ರೋಗಿಯಲ್ಲಿ ಕಣ್ಣಿನಾಚೆಗಿನ ಅಪಾಯವೂ ಇದೆ. ದೇಹಕ್ಕೆ ಚಳಿಯಾದರೆ, ನೀರು ಕಡಿಮೆಯಾದರೆ, ಪ್ರಾಣವಾಯು ಇಳಿದರೆ ಕಣಗಳು ಬಾಗತೊಡಗುತ್ತವೆ. ಶಸ್ತ್ರಚಿಕಿತ್ಸೆಯ ಕೋಣೆಯ ತಣ್ಣಗಿನ ಗಾಳಿ, ಹಿಂದಿನ ರಾತ್ರಿಯ ಉಪವಾಸ, ಅರಿವಳಿಕೆ, ಮೂರೂ ಮಿಕ್ಕವರಿಗೆ ಮಾಮೂಲು. ಇವರಿಗೆ ಎಚ್ಚರದ ವಿಷಯ. ಮೊದಲೇ ರಕ್ತನಾಳದ ಮೂಲಕ ದ್ರವ ಕೊಡುವುದು, ಮೈ ಬೆಚ್ಚಗಿಡುವುದು, ಪ್ರಾಣವಾಯು ಕೊಡುವುದು, ಕೆಲವರಿಗೆ ರೋಗಿಯ ರಕ್ತವನ್ನು ಭಾಗಶಃ ತೆಗೆದು ಒಳ್ಳೆಯ ರಕ್ತ ತುಂಬುವುದು, ಹೀಗೆ ಸಿದ್ಧತೆಯೇ ಅರ್ಧ ಚಿಕಿತ್ಸೆ. ಹಿಂದೆ ಕಳಚಿದ ಪಟಲಕ್ಕಾಗಿ ಕಣ್ಣಿನ ಗುಡ್ಡೆಯ ಸುತ್ತ ಬಿಗಿಯಾದ ಪಟ್ಟಿ ಕಟ್ಟುವ ಕ್ರಮವಿತ್ತು. ಈ ರೋಗಿಗಳಲ್ಲಿ ಆ ಪಟ್ಟಿ ಕಣ್ಣಿನ ಮುಂಭಾಗಕ್ಕೆ ರಕ್ತ ಹರಿಯದಂತೆ ಮಾಡಿ ಇಡೀ ಕಣ್ಣನ್ನೇ ಕೆಡಿಸಬಲ್ಲುದೆಂದು ೧೯೭೧ರಲ್ಲಿ ವರದಿಯಾಯಿತು. ಆ ಬಳಿಕ ಸಾಧ್ಯವಾದಾಗಲೆಲ್ಲ ವಿಟ್ರೆಕ್ಟಮಿಯ ಕಡೆಗೇ ಒಲವು.

ಕಣ್ಣಿನೊತ್ತಡದ ವಿಷಯ ಇನ್ನೂ ನಾಜೂಕಾದುದು. ಪಾಪೆಯ ಮುಂದಿನ ಕೋಣೆಯಲ್ಲಿ ರಕ್ತ ಸುರಿದರೆ ಸಾಮಾನ್ಯರಲ್ಲಿ ಅದು ತಾನಾಗಿ ಹರಿದುಹೋಗುತ್ತದೆ. ಕುಡುಗೋಲು ಕಣಗಳು ಆ ಸಣ್ಣ ಜರಡಿಯಲ್ಲಿ ಸಿಕ್ಕಿಕೊಂಡು ಒತ್ತಡವೇರಿಸುತ್ತವೆ. ಬೇರೆಯವರ ಕಣ್ಣು ಸಹಿಸಿಕೊಳ್ಳುವಷ್ಟು ಒತ್ತಡವೂ ಇವರ ಕಣ್ಣಿನ ನರವನ್ನು ಕೊಲ್ಲಬಲ್ಲುದು. ಒತ್ತಡ ತಗ್ಗಿಸಲು ಸಾಮಾನ್ಯವಾಗಿ ಕೊಡುವ ಅಸೆಟಜೋಲಮೈಡ್ ಮಾತ್ರೆಯೂ ರಕ್ತವನ್ನು ಆಮ್ಲವಾಗಿಸಿ ಕಣಗಳನ್ನು ಬಾಗಿಸುವ ಶಂಕೆಯಿದೆ. ಇಲ್ಲಿ ಪೋಷಕರು ಗಮನಿಸಬೇಕಾದ ಅಂಶವೊಂದಿದೆ. ದೋಷವನ್ನು ಒಬ್ಬರಿಂದ ಮಾತ್ರ ಪಡೆದು, ಯಾವ ತೊಂದರೆಯೂ ಇಲ್ಲದೆ ಆಡಿಕೊಂಡಿರುವ ಮಗುವಿಗೆ ಕ್ರಿಕೆಟ್ ಚೆಂಡೋ ಚಿನ್ನಿಯೋ ಕಣ್ಣಿಗೆ ತಗುಲಿ ಒಳಗೆ ರಕ್ತ ಬಂದರೆ, ಆಗ ಈ ಅಪಾಯ ಆ ಮಗುವಿಗೂ ಉಂಟು. ಹಾಗೆ ಪೆಟ್ಟಾದಾಗ ರಕ್ತದ ದೋಷವನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ನಮ್ಮ ಬೆಟ್ಟ, ನಮ್ಮ ಬೀದಿ

ಜಮೈಕಾ, ಷಿಕಾಗೋ ಎಂದು ಓದುತ್ತ ಇದು ಪರದೇಶದ ರೋಗವೆಂದು ಭಾವಿಸಬೇಕಾಗಿಲ್ಲ. ನೀಲಗಿರಿಯ ಬುಡಕಟ್ಟಿನ ಜನರ ರಕ್ತದಲ್ಲಿ ಕುಡುಗೋಲು ಕಣವನ್ನ ೧೯೫೨ರಲ್ಲಿಯೇ ಗುರುತಿಸಿದ್ದರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಇದು ಉಂಟು. ಅಲ್ಲಿ ಡಾಕ್ಟರ್ ಎಚ್. ಸುದರ್ಶನ್ ೧೯೮೧ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಈ ರೋಗದ ತಪಾಸಣೆಯಲ್ಲಿ ಕೆಲಸ ಮಾಡಿದೆ. ೨೦೨೩ರ ಜುಲೈ ೧ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಕೇಂದ್ರ ಸರ್ಕಾರದ ನಿರ್ಮೂಲನ ಅಭಿಯಾನ ಆರಂಭವಾಯಿತು. ಏಳು ಕೋಟಿ ಜನರ ರಕ್ತಪರೀಕ್ಷೆ ಅದರ ಗುರಿ. ರಕ್ತದಲ್ಲಿ ದೋಷ ತಿಳಿದವರಿಗೆ ಕಣ್ಣಿನ ಹಿಂಬದಿಯನ್ನೂ ತೋರಿಸಬೇಕೆಂಬುದು ಇದರೊಡನೆ ಸೇರಿಕೊಳ್ಳದಿದ್ದರೆ ಕೆಲಸ ಅರ್ಧವಾದಂತೆ ಎಂಬುದು ನನ್ನ ಅಭಿಪ್ರಾಯ. ಈ ಕಾಯಿಲೆಯುಳ್ಳ ಮಕ್ಕಳಿಗೆ ಹತ್ತನೆಯ ವಯಸ್ಸಿನಿಂದ ಕಣ್ಣಿನ ಪರೀಕ್ಷೆ ಆರಂಭಿಸಬೇಕೆಂದು ತಜ್ಞರು ಹೇಳುತ್ತಾರೆ. ಕಾಡಿನ ಪೋಡಿನಿಂದ ಅಕ್ಷಿಪಟಲ ತಜ್ಞರಿರುವ ಆಸ್ಪತ್ರೆಗೆ ಬರಲು ಎಷ್ಟು ಬಸ್ಸು ಹತ್ತಿಳಿಯಬೇಕು, ಎಷ್ಟು ದಿನದ ಕೂಲಿ ಬಿಡಬೇಕು ಎಂಬುದನ್ನು ಮಾತ್ರ ಅವರು ಲೆಕ್ಕ ಹಾಕಿದಂತಿಲ್ಲ.

ಮಧುಮೇಹದ ಲೆಕ್ಕ ಇದಕ್ಕಿಂತ ಬಹುದೊಡ್ಡದು. ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಹತ್ತು ಕೋಟಿಗೂ ಮೀರಿದ ಮಧುಮೇಹಿಗಳಿದ್ದಾರೆ. ನಡುವಯಸ್ಸಿನಲ್ಲಿ ಬರುವ ಮಧುಮೇಹಕ್ಕೆ ಕಾಯಿಲೆ ಗೊತ್ತಾದ ದಿನವೇ ಕಣ್ಣು ತೋರಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ಎಳೆಯರ ಮಧುಮೇಹಕ್ಕೆ ಆರಂಭವಾದ ಐದು ವರ್ಷಗಳೊಳಗೆ. ಮಧುಮೇಹಿಯಾದ ಸ್ತ್ರೀ ಗರ್ಭಿಣಿಯಾದರೆ ಮೊದಲ ಮೂರು ತಿಂಗಳಲ್ಲಿಯೇ ತೋರಿಸಬೇಕು, ಏಕೆಂದರೆ ಆ ಕಾಲದಲ್ಲಿ ಕಣ್ಣಿನ ವಿಕಾರ ವೇಗವಾಗಿ ಬೆಳೆಯಬಲ್ಲುದು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಈ ವಿಕಾರ ಹೊಸದಾಗಿ ಹುಟ್ಟುವುದು ಶೇಕಡ ೭೬ರಷ್ಟು ತಗ್ಗಿತೆಂದು ಎಳೆಯ ಮಧುಮೇಹಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು ೧೯೯೩ರಲ್ಲಿ ತಿಳಿಸಿತು. ಯಾವ ಶಸ್ತ್ರವೂ ಇಂಥ ಫಲವನ್ನು ಕೊಟ್ಟಿಲ್ಲ.

ಮಧುಮೇಹಿಗೆ ಪೊರೆಯೂ ಬಂದಿದ್ದರೆ, ಪೊರೆ ತೆಗೆಯುವ ಮುನ್ನವೇ ಹಿಂಬದಿಯ ಪರೀಕ್ಷೆಯಾಗಬೇಕು. ಪೊರೆ ದಟ್ಟವಾಗಿ ಒಳಗೆ ಕಾಣದಿದ್ದರೆ ಅಲ್ಟ್ರಾಸೌಂಡಿನಿಂದ ನೋಡುತ್ತಾರೆ. ಮಸೂರ ಬದಲಿಸುವ ಕೆಲಸ ಸೊಗಸಾಗಿ ನೆರವೇರಿಯೂ ನೋಟ ಬಾರದೆ, ವೈದ್ಯರ ಮೇಲೆ ತಪ್ಪು ಹೊರಿಸುವ ಮನೆಗಳಲ್ಲಿ ಎಷ್ಟೋ ಕಡೆ ನಡೆದಿರುವುದು ಇದೇ. ಕಿಟಕಿಗೆ ಹೊಸ ಗಾಜು ಬಂದಿತು. ಹಿಂಗೋಡೆಯನ್ನು ಯಾರೂ ನೋಡಿರಲಿಲ್ಲ.

ಎರಡು ಕಾಯಿಲೆಗಳೂ ಒಬ್ಬರಲ್ಲಿಯೇ ಇದ್ದರೆ ಒಂದು ಮೋಸವುಂಟು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿ ಎ೧ಸಿ ಪರೀಕ್ಷೆ, ಕೆಂಪು ಕಣ ಸುಮಾರು ೧೨೦ ದಿನ ಬದುಕುತ್ತದೆಂಬ ಲೆಕ್ಕದ ಮೇಲೆ ನಿಂತಿದೆ. ಕುಡುಗೋಲು ಕಣ ಹತ್ತಿಪ್ಪತ್ತು ದಿನಗಳಲ್ಲೇ ಸಾಯುತ್ತದೆ. ಸಕ್ಕರೆ ಮೆತ್ತಿಕೊಳ್ಳಲು ಅದಕ್ಕೆ ಸಮಯವೇ ಸಾಲದು. ಪರೀಕ್ಷೆಯ ಕಾಗದದಲ್ಲಿ ಅಂಕಿ ಚೆನ್ನಾಗಿ ಕಾಣುತ್ತದೆ, ಕಣ್ಣು ಒಳಗೊಳಗೇ ಕೆಡುತ್ತಿರುತ್ತದೆ. ಇಂಥವರು ನೇರವಾಗಿ ರಕ್ತದ ಸಕ್ಕರೆಯನ್ನೇ ಮತ್ತೆ ಮತ್ತೆ ಅಳೆಸಿಕೊಳ್ಳಬೇಕು.

ಶಸ್ತ್ರಚಿಕಿತ್ಸೆಯಾದ ಮೇಲಿನ ಒಂದು ಸಂಗತಿಯನ್ನು ಹೇಳದಿದ್ದರೆ ತಪ್ಪಾದೀತು. ಕಳಚಿದ ಪಟಲವನ್ನು ಒತ್ತಿ ಹಿಡಿಯಲು ಕಣ್ಣಿನೊಳಗೆ ಕೆಲವರಿಗೆ ಸಿಲಿಕೋನ್ ಎಣ್ಣೆ, ಕೆಲವರಿಗೆ ಅನಿಲದ ಗುಳ್ಳೆ ತುಂಬುತ್ತಾರೆ. ಎಣ್ಣೆಯನ್ನು ಸಾಮಾನ್ಯವಾಗಿ ಮುಂದೆ ತೆಗೆಸಬೇಕು. ಅನಿಲ ವಾರಗಳಲ್ಲಿ ತಾನೇ ಕರಗುತ್ತದೆ. ಅದು ಕರಗುವವರೆಗೆ ವೈದ್ಯರು ಹೇಳಿದಂತೆ ಮುಖ ಕೆಳಗೆ ಮಾಡಿ ಮಲಗಬೇಕಾಗಬಹುದು, ವಿಮಾನವನ್ನಂತೂ ಹತ್ತಕೂಡದು. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿದು ಗುಳ್ಳೆ ಹಿಗ್ಗುತ್ತದೆ, ಕಣ್ಣಿನೊತ್ತಡ ಒಮ್ಮೆಗೇ ಏರುತ್ತದೆ. ಮಂಗಳೂರಿನಲ್ಲಿ ಚಿಕಿತ್ಸೆ ಮಾಡಿಸಿಕೊಂಡವರು ಮರುದಿನವೇ ಬಸ್ಸು ಹಿಡಿದು ಮಡಿಕೇರಿಯ ಘಟ್ಟ ಹತ್ತುವುದಕ್ಕೂ ಇದೇ ಕಾರಣದಿಂದ ವೈದ್ಯರ ಅಪ್ಪಣೆ ಕೇಳಬೇಕು.

ಪರೀಕ್ಷೆಗೆ ಮಾತ್ರ ಇಷ್ಟೆಲ್ಲ ಕಷ್ಟವಿಲ್ಲ. ಪಾಪೆ ಅರಳುವಂತೆ ಕಣ್ಣಿಗೆ ಹನಿ ಹಾಕಿ, ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿ, ದೀಪ ಹಿಡಿದು ಹಿಂಬದಿಯನ್ನು ನೋಡುತ್ತಾರೆ. ಅಂದು ಕೆಲವು ಗಂಟೆಗಳ ಕಾಲ ಅಕ್ಷರ ಮಸುಕಾಗಿ ಕಾಣುವುದು, ಬಿಸಿಲು ಕಣ್ಣಿಗೆ ಕುಕ್ಕುವುದು. ಸ್ಕೂಟರನ್ನು ಮನೆಯಲ್ಲಿಯೇ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಹೋದರೆ ಸಾಕು.